ಮುಡಿಪು

ನಮ್ಮ ಜಿಲ್ಲೆಯ ಜನಕ್ಕೆ ಹರಕೆ ಹೇಳಿಕೊಳ್ಳುವುದೆಂದರೆ ಉಸಿರಾಡಿದಷ್ಟೇ ಸಹಜ. ಹಟ್ಟಿಯ ದನ ಸಂಜೆ ಮನೆಗೆ ಬಾರದಿದ್ದರೆ ಒಂದು ತೆಂಗಿನಕಾಯಿ. ಮಗ ಲೆಕ್ಕದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದರೆ ಒಂದು ಹೂವಿನ ಪೂಜೆ. ಮಗಳಿಗೆ ಗಂಡು ಕೂಡಿಬರಬೇಕಾದರೆ ಒಂದು ಬಯಲಾಟ. ಹೀಗೆ ಕಷ್ಟದ ತೂಕ ಏರಿದಂತೆ ಹರಕೆಯ ತೂಕವೂ ಏರುತ್ತದೆ. ಇದರಲ್ಲಿ ವ್ಯಾಪಾರದ ವಾಸನೆಯಿದೆಯೆಂದು ಓದಿದವರು ನಗುತ್ತಾರೆ. ನಾನೂ ನಕ್ಕವನೇ. ಆದರೆ ಒಂದು ಹರಕೆಯ ವಿಷಯದಲ್ಲಿ ಮಾತ್ರ ಈ ಐವತ್ತು ವರ್ಷಗಳಲ್ಲಿ ಒಮ್ಮೆಯೂ ನನಗೆ ನಗು ಬಂದಿಲ್ಲ. ಅದನ್ನು ಹೇಳಿಕೊಂಡವಳು ನನ್ನ ಅಮ್ಮ.

1974ನೆಯ ಇಸವಿ ಜುಲೈ 26ರಂದು ನೇತ್ರಾವತಿ ಬಂಟ್ವಾಳ ಪೇಟೆಯೊಳಕ್ಕೆ ಬಂದಳು. 1923ರ ನೆರೆಯನ್ನು ಕಂಡಿದ್ದ ಹಿರಿಯರು ಆಗ ಇನ್ನೂ ಕೆಲವರು ಇದ್ದರು. ಅವರು ಬೆಳಗ್ಗೆಯೇ ಹೊಳೆಯ ಬಣ್ಣವನ್ನು ನೋಡಿ, ಸಾಮಾನು ಮೇಲೆ ಸಾಗಿಸಿರೆಂದು ಹೇಳಿದ್ದರು. ನಾವು ಸಾಗಿಸಿದ್ದು ಅಕ್ಕಿ, ಪಾತ್ರೆ, ದೇವರ ಪಟ. ಬೀದಿಯಲ್ಲಿ ದೋಣಿ ನಡೆಯಿತು. ನೀರು ಇಳಿದ ಮೇಲೆ ಮನೆಯೊಳಗೆ ಮೊಣಕಾಲು ಮುಳುಗುವಷ್ಟು ಕೆಸರು ಉಳಿಯಿತು. ಅಪ್ಪ ಗುಮಾಸ್ತರಾಗಿದ್ದ ದಿನಸಿ ಅಂಗಡಿಯಲ್ಲಿ ಬೆಲ್ಲವೆಲ್ಲ ಕರಗಿ ಹೋಗಿತ್ತು. ಬಾವಿಯ ನೀರು ತಿಂಗಳವರೆಗೂ ತಿಳಿಯಾಗಲಿಲ್ಲ. ಕುದಿಸಿ ಕುಡಿಯಿರೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಒಂಬತ್ತು ವರ್ಷದ ಹುಡುಗ ಆಟದ ನಡುವೆ ಬಾಯಾರಿದಾಗ ಕುದಿಸಿದ ನೀರನ್ನು ಹುಡುಕುತ್ತಾನೆಯೆ?

ನನ್ನ ತಮ್ಮನಿಗೆ ಜ್ವರ ಬಂದದ್ದು ಆಗಸ್ಟಿನ ನಡುವೆ. ವಿಷಮಶೀತ ಜ್ವರ. ವೈದ್ಯರು ದಿನವೂ ಬಂದರು, ಮಾಡುವುದನ್ನೆಲ್ಲ ಮಾಡಿದರು. ಹದಿನೈದನೆಯ ದಿನ ರಾತ್ರಿ ಅಮ್ಮ ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡು ಬಂದಳು. ಒದ್ದೆ ಸೀರೆಯಲ್ಲೇ ಒಂದು ತುಂಡು ಬಿಳಿಯ ಬಟ್ಟೆಯನ್ನು ಅರಸಿನ ನೀರಿನಲ್ಲಿ ಅದ್ದಿದಳು. ಕೈಯ ಎರಡು ಚಿನ್ನದ ಬಳೆಗಳನ್ನು ಸಾಬೂನು ಹಚ್ಚಿ ತೆಗೆದಳು. ಮದುವೆಯ ದಿನ ಹಾಕಿದ ಬಳೆಗಳು ಅವು, ಮೂರು ಪವನು. ಬಟ್ಟೆಯಲ್ಲಿ ಕಟ್ಟಿ, ಮೂರು ಗಂಟು ಹಾಕಿ, ಮಂಜುನಾಥಸ್ವಾಮಿಯ ಪಟದ ಕೆಳಗೆ ಇಟ್ಟಳು. ನಮ್ಮಲ್ಲಿ ಇದಕ್ಕೆ ಮುಡಿಪು ಕಟ್ಟುವುದೆನ್ನುತ್ತಾರೆ. ಕಟ್ಟಿದ ಮೇಲೆ ಅದು ಮನೆಯ ಸೊತ್ತಲ್ಲ. ಬಿಚ್ಚಲು ಯಾರಿಗೂ ಹಕ್ಕಿಲ್ಲ.

ಆರು ದಿನಗಳಾದ ಮೇಲೆ, ಸೆಪ್ಟೆಂಬರಿನ ಮೊದಲ ವಾರದಲ್ಲಿ, ತಮ್ಮ ತೀರಿಕೊಂಡ. ಕರುಳಿನಲ್ಲಿ ರಕ್ತ ಹೋಯಿತೆಂದು ವೈದ್ಯರು ಹೇಳಿದರು.

ಸಾವಿನ ಮನೆಗೆ ಬಂದವರು ಏನಾದರೊಂದು ಹೇಳಲೇಬೇಕು. ಸುಮ್ಮನಿರುವುದು ಬಹಳ ಕಷ್ಟದ ವಿದ್ಯೆ. ಹರಕೆ ಸಣ್ಣದಾಯಿತೇನೋ ಎಂದು ಒಬ್ಬರು ಗೊಣಗಿದರು. ನೆರೆಯ ಮುದುಕಿಯೊಬ್ಬರು, ಒಳ್ಳೆಯ ಮನಸ್ಸಿನವರೇ, ಅಮ್ಮನ ಬೆನ್ನು ಸವರುತ್ತ ಹೇಳಿದರು: "ಅಳಬೇಡ ಮಗಾ. ದೇವರಿಗೆ ಅವನೇ ಬೇಕಾಗಿದ್ದ. ಕೇಳಿದ್ದನ್ನು ಕೊಟ್ಟೆ ಎಂದುಕೊ."

ಅಮ್ಮ ತಲೆಯೆತ್ತಿದಳು. ಅಷ್ಟು ಹೊತ್ತೂ ಅವಳು ಒಂದು ಮಾತನ್ನೂ ಆಡಿರಲಿಲ್ಲ.

"ಮಗುವನ್ನು ಕೇಳುವವನು ದೇವರಲ್ಲ, ಅಜ್ಜೀ. ಕೇಳಿದ್ದರೆ ನಾನು ಕೊಡುತ್ತಲೂ ಇರಲಿಲ್ಲ."

ಜಗಲಿಯಲ್ಲಿ ಕುಳಿತಿದ್ದ ಗಂಡಸರು ಮಾತು ನಿಲ್ಲಿಸಿದರು. ಹದಿನಾರು ವರ್ಷದ ನನಗೆ ಆ ಮಾತಿನಿಂದ ಒಂದು ಬಗೆಯ ಸಂತೋಷವೇ ಆಯಿತೆಂದರೆ ತಪ್ಪಲ್ಲ. ಅಮ್ಮ ದೇವರನ್ನು ಬಿಟ್ಟಳು, ಇನ್ನು ನಾನೂ ಬಿಡಬಹುದು ಎಂದುಕೊಂಡೆ. ಹಾಗಾಗಲಿಲ್ಲ. ದೀಪಾವಳಿ ಕಳೆದ ವಾರ ಅವಳು ಮುಡಿಪನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಧರ್ಮಸ್ಥಳಕ್ಕೆ ಹೋಗಿ ಒಪ್ಪಿಸಿ ಬರಬೇಕು, ನೀನು ಜೊತೆಗೆ ಬಾ" ಎಂದಳು.

ನಾನು ಸಿಟ್ಟಿನಿಂದಲೇ ಹೊರಟೆ. ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ. ಆ ಕಾಲದ ಬಸ್ಸಿಗೆ ಅದು ಸಣ್ಣ ದಾರಿಯಲ್ಲ. ಪುಂಜಾಲಕಟ್ಟೆ ದಾಟಿದ ಮೇಲೆ ನಾನು ತಡೆಯಲಾರದೆ ಕೇಳಿದೆ: "ಅಮ್ಮ, ತಮ್ಮ ಉಳಿಯಲಿಲ್ಲ. ಮತ್ತೆ ಈ ಬಳೆ ಯಾವುದಕ್ಕೆ? ಅಂಗಡಿಯವನೂ ಸಾಮಾನು ಕೊಡದೆ ದುಡ್ಡು ತೆಗೆದುಕೊಳ್ಳುವುದಿಲ್ಲ." ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೊಯ್ಲು ಮುಗಿದ ಗದ್ದೆಗಳಲ್ಲಿ ಹುಲ್ಲು ಒಣಗುತ್ತಿತ್ತು.

"ಕೊಡುತ್ತೇನೆ ಎಂದವಳು ನಾನು. ಉಳಿಸುತ್ತೇನೆ ಎಂದು ಅವನು ಹೇಳಿರಲಿಲ್ಲವಲ್ಲ" ಎಂದಳು.

ಇದಕ್ಕೆ ಉತ್ತರ ಕೊಡಲು ನನಗೆ ಆಗ ತಿಳಿಯಲಿಲ್ಲ. ಈಗಲೂ ತಿಳಿದಿದೆಯೆಂದು ಹೇಳಲಾರೆ.

ಧರ್ಮಸ್ಥಳದಲ್ಲಿ ಹುಂಡಿಯ ಎದುರು ಅವಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮುಡಿಪನ್ನು ಕಣ್ಣಿಗೊತ್ತಿಕೊಂಡು ಒಳಕ್ಕೆ ಹಾಕಿದಳು. ಬಟ್ಟೆಯೊಳಗಿನ ಬಳೆಗಳು ಸದ್ದು ಮಾಡದೆ ಇಳಿದವು. ಆಮೇಲೆ ಎಲ್ಲರ ಸಾಲಿನಲ್ಲಿ ಕುಳಿತು ಊಟ ಮಾಡಿದಳು. ತಮ್ಮ ಹೋದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಸಂಜೆ ನೆಲ್ಯಾಡಿ ಬೀಡಿನ ಕಡೆ ನಡೆದುಕೊಂಡು ಹೋಗುವಾಗ ಆ ಮನೆಯ ಕಥೆಯನ್ನು ತಾನಾಗಿಯೇ ಹೇಳಿದಳು.

ನಮ್ಮ ಕಡೆಯಲ್ಲಿ ಎಲ್ಲರಿಗೂ ಗೊತ್ತಿರುವ ಐತಿಹ್ಯವಿದು. ಸುಮಾರು 800 ವರ್ಷಗಳ ಹಿಂದೆ ಈ ಊರಿಗೆ ಕುಡುಮ ಎಂದು ಹೆಸರು. ನೆಲ್ಯಾಡಿ ಬೀಡಿನಲ್ಲಿ ಬಿರ್ಮಣ್ಣ ಪೆರ್ಗಡೆ ಎಂಬ ಜೈನ ಗೃಹಸ್ಥನೂ ಅವನ ಹೆಂಡತಿ ಅಮ್ಮು ಬಲ್ಲಾಳ್ತಿಯೂ ಇದ್ದರು. ಅನ್ನ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಒಂದು ದಿನ ಧರ್ಮದೇವತೆಗಳು ಮನುಷ್ಯರೂಪದಲ್ಲಿ ಅತಿಥಿಗಳಾಗಿ ಬಂದು ಸತ್ಕಾರ ಪಡೆದರು. ಆ ರಾತ್ರಿ ಪೆರ್ಗಡೆಯ ಕನಸಿನಲ್ಲಿ ಕಾಣಿಸಿಕೊಂಡು, ಈ ಮನೆಯನ್ನು ನಮಗೆ ಬಿಟ್ಟುಕೊಡು ಎಂದರು. ಸತ್ಕಾರಕ್ಕೆ ಸಿಕ್ಕ ಪ್ರತಿಫಲವನ್ನು ನೋಡಿ! ಆದರೆ ಪೆರ್ಗಡೆ ಪ್ರಶ್ನೆ ಕೇಳಲಿಲ್ಲ. ತನಗೆ ಬೇರೊಂದು ಮನೆ ಕಟ್ಟಿಕೊಂಡು, ಬೀಡನ್ನು ದೈವಗಳಿಗೆ ಬಿಟ್ಟ. ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ನಾಲ್ಕು ದೈವಗಳು ಅಲ್ಲಿ ನೆಲಸಿದವು. ಮಂಜುನಾಥನ ಲಿಂಗ ಕದ್ರಿಯಿಂದ ಬಂದದ್ದು ಆಮೇಲೆ. ವಾದಿರಾಜಸ್ವಾಮಿಗಳ ಕಾಲದಲ್ಲಿ ಧರ್ಮಸ್ಥಳವೆಂಬ ಹೆಸರು ಬಂದದ್ದು ಇನ್ನೂ ಆಮೇಲೆ. ಮೊದಲು ನಡೆದದ್ದು ಒಬ್ಬ ಗೃಹಸ್ಥ ತನ್ನ ಹೊಸ್ತಿಲು ದಾಟಿ ಹೊರಗೆ ಬಂದದ್ದು.

ಕಥೆ ಮುಗಿಸಿ ಅಮ್ಮ ಹೇಳಿದಳು: "ನೋಡು, ಮನೆ ಕೇಳಿದವು. ಮಕ್ಕಳನ್ನು ಕೇಳಲಿಲ್ಲ. ಪಕ್ಕದವನ ಮನೆಯನ್ನೂ ಕೇಳಲಿಲ್ಲ." ಅಜ್ಜಿಗೆ ಕೊಟ್ಟ ಉತ್ತರವನ್ನು ಅವಳು ಎರಡು ತಿಂಗಳಿನಿಂದಲೂ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು.

ಮರುದಿನ ನಾವು ಬಂದ ದಾರಿಯಲ್ಲಿ ಹಿಂತಿರುಗಲಿಲ್ಲ. ಮೂಡಬಿದಿರೆಯಲ್ಲಿ ಅಪ್ಪನ ಗೆಳೆಯರೊಬ್ಬರಿದ್ದರು. ಜೈನರು, ಹೈಸ್ಕೂಲಿನಲ್ಲಿ ಕನ್ನಡದ ಮಾಸ್ತರರು. ಒಂದು ರಾತ್ರಿ ನಮ್ಮಲ್ಲಿ ತಂಗಿ ಹೋಗಿರೆಂದು ಕಾಗದ ಬರೆದಿದ್ದರು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ವೇಣೂರಿನಲ್ಲಿ ಇಳಿದೆವು. ಫಲ್ಗುಣಿ ನದಿಯ ದಡದ ಮೇಲೆ, 1604ರಲ್ಲಿ ತಿಮ್ಮಣ್ಣಾಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿ. ಅಣ್ಣನೊಂದಿಗೆ ಹೋರಾಡಿ ಗೆದ್ದು, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು ಹೋದವನು. ಅಮ್ಮ ಆ ಕಲ್ಲಿನ ಕಾಲಿಗೆ ಹಬ್ಬಿದ ಕಲ್ಲಿನ ಬಳ್ಳಿಯನ್ನೇ ಬಹಳ ಹೊತ್ತು ನೋಡಿದಳು. ಬಿಸಿಲು ಏರಿತೆಂದು ನಾನೇ ಎಬ್ಬಿಸಬೇಕಾಯಿತು.

ಮೂಡಬಿದಿರೆಯಲ್ಲಿ ಮಾಸ್ತರರು ನಮ್ಮನ್ನು ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದರು. 1430ರಲ್ಲಿ ಕಟ್ಟಿದ ಬಸದಿಯೆಂದೂ ಅದರ ನಿಜವಾದ ಹೆಸರು ತ್ರಿಭುವನತಿಲಕ ಚೂಡಾಮಣಿಯೆಂದೂ ಹೇಳಿದರು. ಕಂಬಗಳ ನಡುವೆ ತಂಪಾಗಿತ್ತು. ಅಮ್ಮ ಕೈಮುಗಿದು ನಿಂತಾಗ ಮಾಸ್ತರರು ಮೆಲ್ಲನೆ, "ಅಕ್ಕಾ, ನಮ್ಮ ತೀರ್ಥಂಕರರು ಏನನ್ನೂ ಕೊಡುವವರಲ್ಲ, ಏನನ್ನೂ ಕೇಳುವವರೂ ಅಲ್ಲ" ಎಂದರು.

"ಹಾಗಾದರೆ ನೀವು ಇಲ್ಲಿಗೆ ಬರುವುದು ಯಾಕೆ, ಮಾಸ್ಟ್ರೇ?"

"ನೋಡಿ ಕಲಿಯುವುದಕ್ಕೆ."

ಅವರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟವಾಯಿತು. ಆದ್ದರಿಂದ ಮಾತಿಗೆ ಸಂಜೆ ಉದ್ದವಾಗಿತ್ತು. ಮಾತು ಹರಕೆಯ ಕಡೆಗೆ ತಿರುಗಿದಾಗ ಮಾಸ್ತರರು ಜನ್ನ ಕವಿಯ 'ಯಶೋಧರ ಚರಿತೆ'ಯ ಕಥೆಯನ್ನು ಹೇಳಿದರು. 1209ರಲ್ಲಿ ಹೊಯ್ಸಳರ ಆಸ್ಥಾನದ ಕವಿ ಬರೆದ ಕಾವ್ಯ. ಮಾರಿದತ್ತನೆಂಬ ರಾಜ ಚಂಡಮಾರಿಗೆ ಬಲಿ ಕೊಡಲು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತರಿಸುತ್ತಾನೆ. ಮಕ್ಕಳು ಹೆದರುವುದಿಲ್ಲ. ಹೆದರದೆ ಇರುವುದಕ್ಕೆ ಕಾರಣವೇನೆಂದು ಕೇಳಿದರೆ ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾರೆ. ಹಿಂದೆ ಅವರು ಯಶೋಧರನೆಂಬ ರಾಜನೂ ಅವನ ತಾಯಿ ಚಂದ್ರಮತಿಯೂ ಆಗಿದ್ದರು. ಮಗನಿಗೆ ಕೆಟ್ಟ ಕನಸು ಬಿದ್ದಿತೆಂದು ತಾಯಿ ದೇವಿಗೆ ಬಲಿ ಕೊಡಿಸಲು ಹೊರಡುತ್ತಾಳೆ. ಜೀವವನ್ನು ಕೊಲ್ಲಲಾರೆನೆಂದು ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರಿಗೂ ಸರಿಹೋಗುವಂತೆ ಹಿಟ್ಟಿನಲ್ಲಿ ಒಂದು ಕೋಳಿಯನ್ನು ಮಾಡಿ ಅದನ್ನು ಕಡಿಯುತ್ತಾರೆ. ಆ ಹಿಟ್ಟಿನ ಕೋಳಿ ಕತ್ತಿಯೇಟಿಗೆ ಕೂಗುತ್ತದೆ. ಕಡಿಯಬೇಕೆಂಬ ಸಂಕಲ್ಪ ಮಾಡಿದ ಅಷ್ಟಕ್ಕೇ ತಾಯಿಮಕ್ಕಳು ಪ್ರಾಣಿಗಳಾಗಿ ಹಲವು ಜನ್ಮಗಳನ್ನು ಎತ್ತಿ ಬಳಲುತ್ತಾರೆ. ಕಥೆ ಕೇಳಿದ ಮಾರಿದತ್ತ ಕತ್ತಿಯನ್ನು ಕೆಳಗಿಡುತ್ತಾನೆ.

ಮಾಸ್ತರರು ಬಹುಶಃ ಸಮಾಧಾನಕ್ಕೆಂದು ಹೇಳಿದ್ದರು. ಆದರೆ ಅಮ್ಮನ ಮುಖ ಬಾಡಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಮನಸ್ಸಿನಲ್ಲಿ ಮಾಡಿದ್ದೂ ಮಾಡಿದಂತೆಯೇ ಆದರೆ, ನಾನು ಬಳೆ ಕಟ್ಟಿ ದೇವರಿಗೆ ಆಸೆ ತೋರಿಸಿದೆನಲ್ಲ, ಅದೂ ಹಿಟ್ಟಿನ ಕೋಳಿಯೇ? ಅದಕ್ಕೇ ಮಗ ಹೋದನೆ?"

ಆ ಪ್ರಶ್ನೆಯನ್ನು ಅವಳು ಅಪ್ಪನಲ್ಲಿ ಕೇಳಿರಲಿಲ್ಲ, ನನ್ನಲ್ಲಿ ಕೇಳಿರಲಿಲ್ಲ. ಪರವೂರಿನ ಚಾವಡಿಯಲ್ಲಿ ದೀಪ ಹಚ್ಚುವ ಮೊದಲಿನ ಕತ್ತಲೆಯಲ್ಲಿ ಅದು ಹೊರಗೆ ಬಂತು. ಮಾಸ್ತರರು ಗಾಬರಿಯಾದರು. ಎದ್ದು ಅವಳೆದುರು ನೆಲದ ಮೇಲೆ ಕುಳಿತರು.

"ಇಲ್ಲ ಅಕ್ಕಾ. ಯಶೋಧರ ಕೊಡಹೊರಟದ್ದು ಕೋಳಿಯ ಕುತ್ತಿಗೆಯನ್ನು. ಮಾರಿದತ್ತ ಕೊಡಹೊರಟದ್ದು ಯಾರದೋ ಮಕ್ಕಳನ್ನು. ನೀವು ಕೊಟ್ಟದ್ದು ನಿಮ್ಮ ಕೈಯಲ್ಲಿದ್ದದ್ದನ್ನು. ಜ್ವರಕ್ಕೂ ನಿಮ್ಮ ಬಳೆಗೂ ಸಂಬಂಧವಿಲ್ಲ. ಜ್ವರ ಬಂದದ್ದು ಬಾವಿಯ ನೀರಿನಿಂದ."

ಅಮ್ಮ ಆಗ ಅತ್ತಳು. ತಮ್ಮ ಹೋದಂದಿನಿಂದ ಅವಳು ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ. ಮಾಸ್ತರರ ಹೆಂಡತಿ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಮರುದಿನ ಸಿದ್ಧಕಟ್ಟೆಯ ದಾರಿಯಾಗಿ ನಾವು ಬಂಟ್ವಾಳಕ್ಕೆ ಬಂದೆವು. ಬಸ್ಸಿನಲ್ಲಿ ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು.

ಆ ವರ್ಷದ ಬಕ್ರೀದಿಗೆ ನಮ್ಮ ಬೀದಿಯ ಬ್ಯಾರಿ ಕಾಕನ ಮನೆಯಿಂದ ಎಂದಿನಂತೆ ಬಾಳೆಹಣ್ಣು, ಕಲ್ಲುಸಕ್ಕರೆ ಬಂದವು. ಕಾಕ ಸ್ವತಃ ತಂದಿದ್ದರು. ತಮ್ಮ ಅವರ ಅಂಗಡಿಯಲ್ಲೇ ಗೋಲಿ ಕೊಳ್ಳುತ್ತಿದ್ದವನು. ಹಬ್ಬದ ಕಥೆಯೇನೆಂದು ಅಮ್ಮ ಕೇಳಿದಳು. ಕಾಕ ಹೇಳಲು ಹಿಂದೆಮುಂದೆ ನೋಡಿದರು. ಮಗನನ್ನು ಕಳೆದುಕೊಂಡವಳ ಎದುರು ಮಗನ ಬಲಿಯ ಕಥೆಯನ್ನು ಹೇಗೆ ಹೇಳುವುದು? ಆದರೂ ಹೇಳಿದರು. ಇಬ್ರಾಹಿಮರು ಕನಸು ಕಂಡದ್ದು, ಮಗನನ್ನೇ ಕರೆದು ನಿನ್ನ ಅಭಿಪ್ರಾಯವೇನೆಂದು ಕೇಳಿದ್ದು, ಮಗ ಒಪ್ಪಿದ್ದು, ಕೊನೆಯ ಗಳಿಗೆಯಲ್ಲಿ ದೇವರು ತಡೆದದ್ದು. ಬೈಬಲ್ಲಿನಲ್ಲಿ ಆ ಮಗ ಇಸಾಕ. ಮುಸ್ಲಿಮರ ನಂಬಿಕೆಯಲ್ಲಿ ಇಸ್ಮಾಯಿಲ್. ಯೆಹೂದ್ಯ, ಕ್ರೈಸ್ತ, ಮುಸ್ಲಿಮ್ ಈ ಮೂವರೂ ಹೇಳುವ ಕಥೆಯಿದು.

ಅಮ್ಮ ಕೇಳಿ, "ಕೈ ಹಿಡಿದನಲ್ಲ ಕಾಕಾ, ಅವನೇ ದೇವರು" ಎಂದಳು. ಕಾಕ ಕಣ್ಣೊರೆಸಿಕೊಂಡು ಹೋದರು.

ಮುಂದೆ ನಾನು ಮಂಗಳೂರಿನ ಕಾಲೇಜಿಗೆ ಹೋದೆ, ಪುಸ್ತಕಗಳನ್ನು ಓದಿದೆ. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1843ರಲ್ಲಿ ಈ ಅಬ್ರಹಾಮನನ್ನು ಕುರಿತೇ ಒಂದು ಪುಸ್ತಕ ಬರೆದಿದ್ದಾನೆ. ನೀತಿಯನ್ನು ಮೀರಿಯೂ ದೇವರನ್ನು ನಂಬಿ, ಮಗ ತನಗೆ ಮರಳಿ ಸಿಕ್ಕೇ ಸಿಗುತ್ತಾನೆಂದು ಕತ್ತಿಯೆತ್ತಿದವನೇ ಶ್ರದ್ಧೆಯ ವೀರನೆಂಬುದು ಅಲ್ಲಿಯ ವಿಚಾರ. ಆ ಪುಸ್ತಕವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನಿಗಿಂತ ಹಿಂದೆ, 1798ರಲ್ಲಿ, ಜರ್ಮನಿಯ ಕ್ಯಾಂಟ್ ಬೇರೆಯೇ ಹೇಳಿದ್ದ. ಒಳ್ಳೆಯ ಮಗನನ್ನು ಕೊಲ್ಲಬಾರದೆಂಬುದು ನಿಶ್ಚಯ, ಹಾಗೆ ಆಜ್ಞೆ ಮಾಡುವ ದನಿ ದೇವರದೆಂಬುದು ನಿಶ್ಚಯವಲ್ಲ, ಅಬ್ರಹಾಮ ಹೀಗೆಂದು ಉತ್ತರ ಕೊಡಬೇಕಾಗಿತ್ತು ಎಂಬುದು ಅವನ ಅಭಿಪ್ರಾಯ. ಓದುತ್ತಿದ್ದಂತೆ ನನಗೆ ನಮ್ಮ ಮನೆಯ ಜಗಲಿ ಕಂಡಿತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಅಮ್ಮ ಅಜ್ಜಿಗೆ ಹೇಳಿದ ಮಾತು ಇದೇ ಅಲ್ಲವೆ? ಆದರೆ ಕ್ಯಾಂಟನು ಅಷ್ಟಕ್ಕೇ ನಿಲ್ಲಿಸಿದ್ದ. ಅಮ್ಮ ಅದನ್ನು ಹೇಳಿದ ಮೇಲೆ ಬಳೆ ಹಿಡಿದುಕೊಂಡು ಬಸ್ಸು ಹತ್ತಿದ್ದಳು.

ಆ ಎರಡನೆಯ ಹೆಜ್ಜೆಯೇ ನನಗೆ ಬಹಳ ಕಾಲ ಅರ್ಥವಾಗದೆ ಉಳಿದದ್ದು. ಈಗ ಹೀಗೆ ತೋರುತ್ತದೆ. ಹರಿಶ್ಚಂದ್ರನ ಆಟವನ್ನು ನಮ್ಮ ಕಡೆ ಎಷ್ಟು ಸಲ ನೋಡಿದ್ದೇವೆ! ಹೆಂಡತಿಯ ಕೊರಳಿಗೆ ಎತ್ತಿದ ಕತ್ತಿ ಅಲ್ಲಿಯೂ ಕೆಳಗಿಳಿಯುವುದಿಲ್ಲ. ಇನ್ನೊಬ್ಬರ ಕೊರಳನ್ನು ಕೇಳುವ ದನಿ ಯಾವ ಹೆಸರಿನಿಂದ ಬಂದರೂ, ಅದನ್ನು ಎರಡನೆಯ ಸಲ, ಮೂರನೆಯ ಸಲ ಕೇಳಿ ನೋಡಬೇಕು. ಕತ್ತಿಯನ್ನು ತಡೆಯುವ ದನಿ ಬರುವವರೆಗೂ ಕಾಯಬೇಕು. ದೇವರ ಹೆಸರಿನಲ್ಲಿ ಲೋಕದಲ್ಲಿ ನಡೆದಿರುವ ಕ್ರೌರ್ಯದಲ್ಲಿ ಹೆಚ್ಚಿನದು ಪರರ ಸೊತ್ತನ್ನು ದಾನ ಮಾಡಿದವರದು. ಆದರೆ ತನ್ನ ಕೈಯಲ್ಲಿರುವುದನ್ನು, ತನ್ನ ಮಾತನ್ನು, ತನ್ನ ಹೊಸ್ತಿಲನ್ನು ಕೇಳಿದಾಗ ಅಲ್ಲಿ ವಾದಕ್ಕೆ ಎಡೆಯಿಲ್ಲ. ಕೊಡುವುದು ಇಲ್ಲವೆ ಕೊಡದಿರುವುದು. ಅಮ್ಮ ತಮ್ಮನನ್ನು ಕೊಡಲಿಲ್ಲ. ಅವನು ಹೋದ. ಅವಳು ಕೊಟ್ಟದ್ದು ಬಳೆಯನ್ನು. ಬಳೆಯೊಂದಿಗೆ ದೇವರ ಮೇಲೆ ಅವಳಿಗಿದ್ದ ಲೆಕ್ಕವನ್ನು. ನನಗೆ ಇಷ್ಟು ಬರಬೇಕಾಗಿತ್ತು, ಬರಲಿಲ್ಲ ಎಂಬ ಆ ಲೆಕ್ಕವನ್ನು ಇಟ್ಟುಕೊಳ್ಳಲು ಅವಳಿಗೆ ಪೂರ್ಣ ಹಕ್ಕಿತ್ತು. ಅದನ್ನು ಅವಳು ಹುಂಡಿಗೆ ಹಾಕಿ ಬಂದಳು. ಅದಕ್ಕೇ ಆ ದಿನ ಅವಳಿಗೆ ಊಟ ಸೇರಿತು.

ಇದರಿಂದ ತಮ್ಮನ ಸಾವಿಗೆ ಅರ್ಥ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಸಿಕ್ಕಿಲ್ಲ. ಅಮ್ಮನೂ ಹಾಗೆ ಹೇಳಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಹೊಳೆ ಕೆಂಪಾದಾಗ ಅವಳು ಸಾಯುವವರೆಗೂ ಬಾವಿಯ ಕಟ್ಟೆಯ ಬಳಿ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು. ಕೈಗೆ ಗಾಜಿನ ಬಳೆಯನ್ನಲ್ಲದೆ ಬೇರೆ ತೊಡಲಿಲ್ಲ. ನಾನು ಸಂಪಾದಿಸಲು ತೊಡಗಿದ ಮೇಲೆ ಎರಡು ಬಳೆ ಮಾಡಿಸಿ ಕೊಟ್ಟೆ. ಅವನ್ನು ನನ್ನ ಹೆಂಡತಿಯ ಕೈಗೆ ಹಾಕಿ, "ನನ್ನದು ಆಯಿತು" ಎಂದಳು.

ಇಷ್ಟೆಲ್ಲ ಬರೆದವನು ನನ್ನ ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಎರಡು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನನ್ನ ಮೊಮ್ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ ಆ ಅಂಗೈಯಗಲದ ಜೀವವನ್ನು ಬಾಗಿಲಿನಿಂದ ನೋಡಿದೆ. ಮನೆಗೆ ಬಂದು, ಯಾರಿಗೂ ತಿಳಿಯದಂತೆ, ಒಂದು ಕರವಸ್ತ್ರವನ್ನು ಅರಸಿನದಲ್ಲಿ ಅದ್ದಿ ಒಂದು ರೂಪಾಯಿಯ ನಾಣ್ಯವನ್ನು ಕಟ್ಟಿದೆ. ಹರಕೆಯನ್ನು ನೋಡಿ ನಕ್ಕವನು! ಏನನ್ನು ಕೊಡುತ್ತೇನೆಂದು ಹೇಳಲು ಬಾಯಿ ಬರಲಿಲ್ಲ. "ಬರುತ್ತೇನೆ" ಎಂದಷ್ಟೇ ಹೇಳಿದೆ.

ಮಗು ಉಳಿಯಿತು. ಈಗ ಮನೆಯ ತುಂಬ ಓಡುತ್ತದೆ. ಮುಡಿಪು ಮಾತ್ರ ನನ್ನ ಮೇಜಿನ ಡ್ರಾಯರಿನಲ್ಲಿಯೇ ಇದೆ. ಒಮ್ಮೆ ಮಂಡಿನೋವು, ಒಮ್ಮೆ ಮಳೆ, ಒಮ್ಮೆ ಮದುವೆಗಳ ಸಾಲು. ಕೊಡದ ದೇವರಿಗೂ ಅಮ್ಮ ಮೂರು ತಿಂಗಳೊಳಗೆ ಹೋಗಿ ಒಪ್ಪಿಸಿ ಬಂದಳು. ಪಡೆದವನಾದ ನನಗೆ ಎರಡು ವರ್ಷ ಸಾಲಲಿಲ್ಲ.

ಮುಂದಿನ ಸೋಮವಾರ ಬೆಳಗ್ಗೆ ಬಂಟ್ವಾಳದಿಂದ ಹೊರಡುವುದೆಂದು ನಿಶ್ಚಯಿಸಿದ್ದೇನೆ. ಕಾರು ಬೇಡ, ಬಸ್ಸಿನಲ್ಲೇ ಹೋಗುತ್ತೇನೆ. ಹಿಂತಿರುಗುವಾಗ ವೇಣೂರಿನ ದಾರಿಯಾಗಿ ಬರುತ್ತೇನೆ.